1/1000 ಸಾಕೇ, 1/4000 ಬೇಕೇ? ಫಿಲ್ಮ್ ಕ್ಯಾಮೆರಾ ಕೊಳ್ಳುವವರಿಗೆ ಶಟರ್ ವೇಗದ ಲೆಕ್ಕ

ಹಳೆಯ ಫಿಲ್ಮ್ ಕ್ಯಾಮೆರಾ ಹುಡುಕಲು ಹೊರಟವರು ಸಾಮಾನ್ಯವಾಗಿ ಎರಡು ಮೂರು ಬಾಡಿಗಳ ನಡುವೆ ಸಿಕ್ಕಿಕೊಳ್ಳುತ್ತಾರೆ. ಪೆಂಟ್ಯಾಕ್ಸ್ ಕೆ1000, ಕ್ಯಾನನ್ ಎಇ-1 ಸುಲಭವಾಗಿ ಸಿಗುತ್ತವೆ, ಆದರೆ ಅವುಗಳ ಶಟರ್ 1/1000 ಸೆಕೆಂಡಿಗೆ ನಿಂತುಬಿಡುತ್ತದೆ. ನಿಕಾನ್ ಎಫ್‌ಎಂ2 1/4000ದವರೆಗೆ ಹೋಗುತ್ತದೆ, ಬೆಲೆಯೂ ಅದರ ಜೊತೆಗೇ ಏರುತ್ತದೆ. 1990ರ ಆಸುಪಾಸಿನ ಆಟೋಫೋಕಸ್ ಕ್ಯಾಮೆರಾಗಳಲ್ಲಿ 1/8000 ಇದೆ, ಆದರೂ ಅವುಗಳಲ್ಲಿ ಹಲವು ಎಫ್‌ಎಂ2ಗಿಂತ ಅಗ್ಗ. ಡಯಲ್ ಮೇಲಿನ ದೊಡ್ಡ ಅಂಕಿ ನೋಡಿ ಹಣ ಕೊಡುವ ಮೊದಲು, ಆ ಅಂಕಿ ನಿಮ್ಮ ಚಿತ್ರಗಳಲ್ಲಿ ಎಷ್ಟು ಸಲ ಕೆಲಸಕ್ಕೆ ಬರುತ್ತದೆ ಎಂದು ಲೆಕ್ಕ ಹಾಕಬೇಕು. ಆ ಲೆಕ್ಕ ಕಷ್ಟದ್ದಲ್ಲ, ಕಾಗದದ ಮೇಲೆಯೇ ಮುಗಿಯುತ್ತದೆ.

ತೂಗಬೇಕಾದ ಸಂಗತಿಗಳು ಐದು. ನೀವು ಬಳಸುವ ಫಿಲ್ಮಿಗೂ ಅಪರ್ಚರಿಗೂ (ಲೆನ್ಸಿನಲ್ಲಿ ಬೆಳಕು ಬಿಡುವ ರಂಧ್ರ) ಬಿಸಿಲಿನಲ್ಲಿ ಯಾವ ವೇಗ ಬೇಕಾಗುತ್ತದೆ. ನೀವು ಹಿಡಿಯಬೇಕೆಂದಿರುವ ಚಲನೆ ಎಷ್ಟು ವೇಗದ್ದು. ಹಗಲಿನಲ್ಲಿ ಫ್ಲ್ಯಾಶ್ ಬಳಸುತ್ತೀರಾ. ಡಯಲ್ ಮೇಲೆ ಬರೆದ ವೇಗ ನಿಜಕ್ಕೂ ಶಟರಿನ ಪರದೆಯಲ್ಲಿ ಇದೆಯೇ. ಬ್ಯಾಟರಿ, ರಿಪೇರಿ, ಬೆಲೆ. ಮೊದಲ ಮೂರಕ್ಕೆ ಉತ್ತರ ಸಿಕ್ಕರೆ ಅರ್ಧ ನಿರ್ಧಾರ ಆದಂತೆ.

ಬಿಸಿಲಿನ ಲೆಕ್ಕ

ನಡುಹಗಲಿನ ನಿಚ್ಚಳ ಬಿಸಿಲಿನಲ್ಲಿ ಅಪರ್ಚರನ್ನು ಎಫ್/16ಕ್ಕೆ (ಈ ಅಂಕಿ ದೊಡ್ಡದಾದಷ್ಟೂ ರಂಧ್ರ ಚಿಕ್ಕದು) ಇಟ್ಟರೆ ಶಟರ್ ವೇಗ ಫಿಲ್ಮಿನ ಐಎಸ್‌ಒ ಅಂಕಿಗೆ, ಅಂದರೆ ಬೆಳಕಿಗೆ ಅದರ ಸಂವೇದನೆ ತೋರಿಸುವ ಅಂಕಿಗೆ, ಹತ್ತಿರ ಇರಬೇಕು ಎನ್ನುವುದು ಹಳೆಯ ನಿಯಮ. ಐಎಸ್‌ಒ 100 ಫಿಲ್ಮಿಗೆ ಅದು 1/125. ಅಪರ್ಚರ್ ಒಂದು ಸ್ಟಾಪ್ (ಬೆಳಕು ಇಮ್ಮಡಿ ಅಥವಾ ಅರ್ಧವಾಗುವ ಒಂದು ಹೆಜ್ಜೆ) ತೆರೆದಾಗಲೆಲ್ಲ ವೇಗ ಇಮ್ಮಡಿಯಾಗಬೇಕು. ಎಫ್/8ಕ್ಕೆ 1/500, ಎಫ್/5.6ಕ್ಕೆ 1/1000, ಎಫ್/4ಕ್ಕೆ 1/2000, ಎಫ್/2.8ಕ್ಕೆ 1/4000, ಎಫ್/2ಕ್ಕೆ 1/8000. ಎಫ್/1.4 ಬೇಕೆಂದರೆ 1/16000. ಮಿನೋಲ್ಟಾದ 9ಎಕ್ಸ್‌ಐ (1992) ಮತ್ತು ಡೈನ್ಯಾಕ್ಸ್ 9 (1998) 1/12000 ತಲುಪಿದವು, ಇದಕ್ಕೆ ಅವುಗಳ ಶಟರ್ ಕೂಡ ಸಾಲದು.

ಈಗ ಐಎಸ್‌ಒ 400 ಫಿಲ್ಮ್ ಹಾಕಿ ನೋಡಿ. ಎಲ್ಲವೂ ಎರಡು ಸ್ಟಾಪ್ ಮೇಲೆ ಸರಿಯುತ್ತದೆ. 1/1000ಕ್ಕೆ ಎಫ್/11, 1/4000ಕ್ಕೆ ಎಫ್/5.6, 1/8000ಕ್ಕೆ ಎಫ್/4. ಅಂದರೆ ಟ್ರೈ-ಎಕ್ಸ್ ಅಥವಾ ಎಚ್‌ಪಿ5 ಪ್ಲಸ್‌ನಂಥ 400ರ ಕಪ್ಪು-ಬಿಳುಪು ಫಿಲ್ಮ್ ಹಾಕಿಕೊಂಡು ಬಿಸಿಲಿಗೆ ಹೋದವರು ಕೆ1000ದಲ್ಲಿ ಎಫ್/11ಕ್ಕಿಂತ ಹೆಚ್ಚು ತೆರೆಯಲಾರರು, ಎಫ್‌ಎಂ2ನಲ್ಲಿ ಎಫ್/5.6ಕ್ಕಿಂತ ಹೆಚ್ಚು ತೆರೆಯಲಾರರು. ಹಿನ್ನೆಲೆ ಮಸುಕಾದ ಎಫ್/2ರ ಭಾವಚಿತ್ರ ಇಬ್ಬರಿಗೂ ಸಿಗುವುದಿಲ್ಲ. ಕಡಲತೀರದ ಮರಳಿನ ಮೇಲೆ ಇನ್ನೊಂದು ಸ್ಟಾಪ್ ಬೆಳಕು ಸೇರುತ್ತದೆ, ಗೋಕರ್ಣದ ಮಧ್ಯಾಹ್ನಕ್ಕೆ ಈ ಲೆಕ್ಕವೂ ಬಿಗಿಯಾಗುತ್ತದೆ.

1/1000ದಿಂದ 1/4000ಕ್ಕೆ ಹಾರಿದರೆ ಸಿಗುವುದು ಎರಡೇ ಸ್ಟಾಪ್. 400ರ ಫಿಲ್ಮ್ ಬಿಟ್ಟು 100ರ ಫಿಲ್ಮ್ ಹಾಕಿದರೂ ಸಿಗುವುದು ಅದೇ ಎರಡು ಸ್ಟಾಪ್. ಲೆನ್ಸಿನ ಮುಂದೆ ಒಂದು ಎನ್‌ಡಿ4 ಫಿಲ್ಟರ್ (ಬಣ್ಣ ಬದಲಿಸದೆ ಬೆಳಕು ತಗ್ಗಿಸುವ ಬೂದು ಗಾಜು) ತಿರುಗಿಸಿದರೂ ಅದೇ ಎರಡು ಸ್ಟಾಪ್. ಬಯಲಿನ ಬಿಸಿಲು ಬಿಟ್ಟು ಮರದ ನೆರಳಿಗೆ ಬಂದರೆ ಸುಮಾರು ಮೂರು ಸ್ಟಾಪ್. ಆಕಾಶ ಕಾಣುವ ತೆರೆದ ನೆರಳಿನಲ್ಲಿ ಐಎಸ್‌ಒ 100 ಫಿಲ್ಮಿಗೆ ಎಫ್/2 ಇಟ್ಟರೆ ಬೇಕಾಗುವ ವೇಗ ಸರಿಯಾಗಿ 1/1000. ಹಳೆಯ 50 ಮಿ.ಮೀ. ಲೆನ್ಸ್, 100ರ ಫಿಲ್ಮ್, ಜಗಲಿಯ ಅಂಚು: ಭಾವಚಿತ್ರಕ್ಕೆ ಇಷ್ಟು ಸಾಕು, 1/4000 ಬೇಕಿಲ್ಲ.

ನೆಗೆಟಿವ್ ಫಿಲ್ಮ್ ಬಳಸುವವರಿಗೆ ಇನ್ನೂ ಒಂದು ದಾರಿ ಇದೆ. ಪೋರ್ಟ್ರಾ 400ರಂಥ ಬಣ್ಣದ ನೆಗೆಟಿವ್ ಎರಡು ಸ್ಟಾಪ್ ಹೆಚ್ಚು ಬೆಳಕನ್ನು ಯಾವ ತಕರಾರೂ ಇಲ್ಲದೆ ನುಂಗುತ್ತದೆ, ನೆರಳುಗಳಲ್ಲಿ ವಿವರ ಇನ್ನೂ ಚೆನ್ನಾಗಿ ಬರುತ್ತದೆ. ಕಪ್ಪು-ಬಿಳುಪಿನ ಎಚ್‌ಪಿ5 ಪ್ಲಸ್ ಕೂಡ ತಡೆಯುತ್ತದೆ, ಆದರೆ ಕಣಗಳು ಎದ್ದು ಕಾಣುತ್ತವೆ, ನೆಗೆಟಿವ್ ದಪ್ಪವಾಗಿ (ಹೆಚ್ಚು ಕಪ್ಪಾಗಿ) ಸ್ಕ್ಯಾನರಿಗೆ ಕಷ್ಟವಾಗುತ್ತದೆ. ನೇರವಾಗಿ ಪಾಸಿಟಿವ್ ಚಿತ್ರ ಕೊಡುವ ಸ್ಲೈಡ್ ಫಿಲ್ಮಿಗೆ ಈ ಉಪಾಯ ಬೇಡ. ಎಕ್ಟಾಕ್ರೋಮ್ ಇ100 ಅರ್ಧ ಸ್ಟಾಪ್ ಹೆಚ್ಚಾದರೂ ಮುಖದ ಬೆಳಕಿನ ಭಾಗ ತೊಳೆದು ಹೋಗುತ್ತದೆ. ಸ್ಲೈಡ್ ಬಳಸುವವರಿಗೆ ವೇಗದ ಶಟರ್ ಅಥವಾ ಫಿಲ್ಟರ್, ಎರಡರಲ್ಲಿ ಒಂದು ಬೇಕೇ ಬೇಕು.

ಚಲನೆಯ ಲೆಕ್ಕ

ಫಿಲ್ಮಿನ ಮೇಲೆ ಬೀಳುವ ಬಿಂಬ ಎಷ್ಟು ಸರಿಯುತ್ತದೆ ಎನ್ನುವುದು ಮೂರರ ಗುಣಲಬ್ಧ: ವಸ್ತುವಿನ ವೇಗ, ಶಟರ್ ತೆರೆದಿರುವ ಸಮಯ, ಬಿಂಬದ ಅಳತೆ. ಬಿಂಬದ ಅಳತೆ ಸುಮಾರಾಗಿ ಲೆನ್ಸಿನ ನಾಭಿದೂರವನ್ನು ವಸ್ತುವಿನ ದೂರದಿಂದ ಭಾಗಿಸಿದಷ್ಟು. 35 ಮಿ.ಮೀ. ಫಿಲ್ಮಿನಲ್ಲಿ 0.03 ಮಿ.ಮೀ.ಗಿಂತ ಕಡಿಮೆ ಸರಿದರೆ ಸಾಧಾರಣ ದೊಡ್ಡ ಪ್ರಿಂಟಿನಲ್ಲೂ ಅದು ಸ್ಪಷ್ಟವಾಗಿಯೇ ಕಾಣುತ್ತದೆ.

5 ಮೀಟರ್ ದೂರದಲ್ಲಿ ಅಡ್ಡಲಾಗಿ ನಡೆದುಹೋಗುವವರನ್ನು 50 ಮಿ.ಮೀ. ಲೆನ್ಸಿನಲ್ಲಿ ಹಿಡಿಯಲು 1/500 ಸಾಕು. ಬೀದಿಯ ಚಿತ್ರಗಳಿಗೆ ಇದಕ್ಕಿಂತ ಹೆಚ್ಚು ಬೇಕಾಗುವುದು ಅಪರೂಪ.

ಕಂಬಳದ ಓಟಗಾರ ಸೆಕೆಂಡಿಗೆ ಸುಮಾರು 10 ಮೀಟರ್ ಓಡುತ್ತಾನೆ ಎನ್ನಿ. 10 ಮೀಟರ್ ದೂರದಿಂದ 135 ಮಿ.ಮೀ. ಲೆನ್ಸಿನಲ್ಲಿ ಅಡ್ಡಲಾಗಿ ತೆಗೆದರೆ, 1/1000ದಲ್ಲಿ ಬಿಂಬ 0.13 ಮಿ.ಮೀ. ಜಾರುತ್ತದೆ, ಕಾಲು ಮತ್ತು ಕೆಸರಿನ ಹನಿಗಳು ಗೆರೆಗಳಾಗುತ್ತವೆ. ಪೂರ್ತಿ ಹಿಡಿಯಲು 1/4000 ಬೇಕು. ಆದರೆ ಗದ್ದೆಯ ಕೊನೆಯಲ್ಲಿ ನಿಂತು ಎದುರಿನಿಂದ ತೆಗೆದರೆ ಅಡ್ಡ ಚಲನೆ ಬಹುಪಾಲು ಇಲ್ಲವಾಗುತ್ತದೆ, 1/1000 ಚೆನ್ನಾಗಿ ಹಿಡಿಯುತ್ತದೆ. ಕಂಬಳದ ಒಳ್ಳೆಯ ಚಿತ್ರಗಳಲ್ಲಿ ಹೆಚ್ಚಿನವು ಎದುರಿನಿಂದಲೇ ತೆಗೆದವು. ನಿಲ್ಲುವ ಜಾಗ ಬದಲಿಸುವುದಕ್ಕೆ ಖರ್ಚಿಲ್ಲ.

ಗಂಟೆಗೆ 140 ಕಿ.ಮೀ. ವೇಗದ ಕ್ರಿಕೆಟ್ ಚೆಂಡು ನಿಜಕ್ಕೂ ಕಠಿಣ ಪರೀಕ್ಷೆ. 60 ಮೀಟರ್ ದೂರದಿಂದ 300 ಮಿ.ಮೀ. ಲೆನ್ಸಿನಲ್ಲಿ ಅಡ್ಡಲಾಗಿ ತೆಗೆದರೆ 1/1000ದಲ್ಲಿ ಚೆಂಡು ತನ್ನ ವ್ಯಾಸದ ಅರ್ಧಕ್ಕಿಂತ ಹೆಚ್ಚು ಸರಿದಿರುತ್ತದೆ, ಉದ್ದನೆಯ ಮೊಟ್ಟೆಯಂತೆ ಬರುತ್ತದೆ. ಗುಂಡಗೆ ಬರಬೇಕಾದರೆ 1/8000 ಹತ್ತಿರ ಹೋಗಬೇಕು. ರಂಗನತಿಟ್ಟಿನಲ್ಲಿ ಹಾರುವ ಬಣ್ಣದ ಕೊಕ್ಕರೆಗೆ 1/1000 ಬಹುಮಟ್ಟಿಗೆ ಸಾಕು, ನೀರಿಗೆ ಧುಮುಕುವ ಮಿಂಚುಳ್ಳಿಗೆ ಸಾಲದು.

ಫಿಲ್ಮಿನ ಮಿತಿ ಎದುರಾಗುವುದು ಇಲ್ಲಿ. ಡಿಜಿಟಲ್‌ನಲ್ಲಿ ವೇಗ ಬೇಕಾದಾಗ ಐಎಸ್‌ಒ ಏರಿಸಿಕೊಳ್ಳಬಹುದು. ಫಿಲ್ಮಿನಲ್ಲಿ 36 ಫ್ರೇಮುಗಳಿಗೂ ಒಂದೇ ಸಂವೇದನೆ. 400ರ ಫಿಲ್ಮಿನಲ್ಲಿ 1/8000 ಬಳಸಲು ನಿಚ್ಚಳ ಬಿಸಿಲೂ ಬೇಕು, ಎಫ್/4 ತೆರೆಯುವ ಲೆನ್ಸೂ ಬೇಕು. ಮೋಡ ಕವಿದರೆ ಅದೇ ಎಫ್/4ಕ್ಕೆ ವೇಗ 1/1000ಕ್ಕೆ ಇಳಿಯುತ್ತದೆ. ಸಂಜೆ ನಾಲ್ಕರ ನಂತರ ಡಯಲ್‌ನ ಮೇಲ್ತುದಿಯ ಅಂಕಿಗಳನ್ನು ಮುಟ್ಟುವುದು ಕಡಿಮೆ. ರಾತ್ರಿಯಿಡೀ ಹೊನಲು ಬೆಳಕಿನಲ್ಲಿ ನಡೆಯುವ ಕಂಬಳಕ್ಕೆ 1/8000ದ ಕ್ಯಾಮೆರಾ ತಂದವರೂ 1/250ರಲ್ಲೇ ಒದ್ದಾಡುತ್ತಾರೆ. ಆದ್ದರಿಂದ ಫಿಲ್ಮಿನಲ್ಲಿ ಅತಿವೇಗದ ಶಟರ್ ಉಪಯೋಗಕ್ಕೆ ಬರುವುದು ಚಲನೆ ಹಿಡಿಯುವುದಕ್ಕಿಂತ ಹೆಚ್ಚಾಗಿ ಬಿಸಿಲಿನಲ್ಲಿ ಅಪರ್ಚರ್ ತೆರೆಯುವುದಕ್ಕೆ. ಅಪರ್ಚರ್ ತೆರೆಯಲು ಬೇರೆ ಅಗ್ಗದ ದಾರಿಗಳಿವೆ ಎಂದು ಮೇಲೆ ನೋಡಿದೆವು.

ವೇಗದ ಪರದೆಯ ಇನ್ನೆರಡು ಲಾಭ

ಹಾಗಾದರೆ ಎಫ್‌ಎಂ2ಗೆ ಕೊಡುವ ಹೆಚ್ಚಿನ ಹಣ ದಂಡವೇ? ಅಲ್ಲ. ಆದರೆ ಆ ಹಣದ ಲಾಭ 1/4000 ಎಂಬ ಅಂಕಿಯಲ್ಲಿ ಇಲ್ಲ, ಪರದೆ ಓಡುವ ವೇಗದಲ್ಲಿ ಇದೆ.

ಈ ಕ್ಯಾಮೆರಾಗಳಲ್ಲಿ ಫಿಲ್ಮಿನ ಮುಂದೆಯೇ ಇರುವ ಫೋಕಲ್ ಪ್ಲೇನ್ ಶಟರಿನಲ್ಲಿ ಎರಡು ಪರದೆಗಳಿವೆ. ಮೊದಲನೆಯದು ತೆರೆಯುತ್ತ ಹೋಗುತ್ತದೆ, ಎರಡನೆಯದು ಮುಚ್ಚುತ್ತ ಹಿಂದೆಯೇ ಬರುತ್ತದೆ. ಹೆಚ್ಚಿನ ವೇಗಗಳಲ್ಲಿ ಇವೆರಡರ ನಡುವಿನ ಸೀಳು ಮಾತ್ರ ಫಿಲ್ಮಿನ ಮೇಲೆ ಸಾಗುತ್ತದೆ. ಕೆ1000, ಎಇ-1, ಒಲಿಂಪಸ್ ಓಎಂ-1, ಲೈಕಾ ಎಂ6ಗಳಂಥ ಕ್ಯಾಮೆರಾಗಳಲ್ಲಿ ಬಟ್ಟೆಯ ಪರದೆ 36 ಮಿ.ಮೀ. ಅಗಲವನ್ನು ಅಡ್ಡಲಾಗಿ ದಾಟಲು ಸುಮಾರು 12 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. 1/1000ದಲ್ಲಿ ಸೀಳಿನ ಅಗಲ ಸುಮಾರು 3 ಮಿ.ಮೀ. 1982ರಲ್ಲಿ ಬಂದ ಎಫ್‌ಎಂ2ನಲ್ಲಿ ಜೇನುಗೂಡಿನ ವಿನ್ಯಾಸ ಕೊರೆದ ಟೈಟೇನಿಯಂ ಪಟ್ಟಿಗಳು 24 ಮಿ.ಮೀ. ಎತ್ತರವನ್ನು ಮೂರು-ನಾಲ್ಕು ಮಿಲಿಸೆಕೆಂಡಿನಲ್ಲಿ ದಾಟುತ್ತವೆ. ಅದೇ 1/1000ದಲ್ಲಿ ಅದರ ಸೀಳು ಸುಮಾರು 7 ಮಿ.ಮೀ.

ವಯಸ್ಸಾದ ಯಂತ್ರದಲ್ಲಿ ಸೀಳು ಅರ್ಧ ಮಿ.ಮೀ. ಹೆಚ್ಚುಕಡಿಮೆಯಾಗುವುದು ಸಹಜ. 3 ಮಿ.ಮೀ. ಸೀಳಿನಲ್ಲಿ ಅದು ಆರರಲ್ಲಿ ಒಂದು ಪಾಲು, 7 ಮಿ.ಮೀ. ಸೀಳಿನಲ್ಲಿ ಹದಿನಾಲ್ಕರಲ್ಲಿ ಒಂದು ಪಾಲು. 1/4000 ಇರುವ ಕ್ಯಾಮೆರಾದ 1/1000 ಹೆಚ್ಚು ನಂಬಿಕೆಗೆ ಅರ್ಹವಾಗುವುದು ಇದೇ ಕಾರಣಕ್ಕೆ. ಯಾಂತ್ರಿಕ ಕ್ಯಾಮೆರಾಗಳಲ್ಲಿ ತುತ್ತತುದಿಯ ವೇಗ ಬೇಗ ಕೆಡುತ್ತದೆ. ನಿಮಗೆ ದಿನನಿತ್ಯ 1/1000 ಬೇಕಿದ್ದರೆ, ಅದು ತುತ್ತತುದಿಯಲ್ಲದ ಕ್ಯಾಮೆರಾ ಒಳ್ಳೆಯದು.

ಓಡುವ ವಸ್ತುವಿನ ಆಕಾರ ತಿರುಚುವುದೂ ಇದರಿಂದಲೇ. 1/1000 ಇಟ್ಟರೂ ಬಟ್ಟೆಯ ಪರದೆ ಫ್ರೇಮಿನ ಒಂದು ಅಂಚಿನಿಂದ ಇನ್ನೊಂದಕ್ಕೆ ತಲುಪುವಷ್ಟರಲ್ಲಿ 12 ಮಿಲಿಸೆಕೆಂಡ್ ಕಳೆದಿರುತ್ತದೆ, ಅಷ್ಟರಲ್ಲಿ ಆ ಕಂಬಳದ ಓಟಗಾರ 12 ಸೆಂ.ಮೀ. ಮುಂದೆ ಹೋಗಿರುತ್ತಾನೆ. ಪರದೆಯ ದಿಕ್ಕಿಗೆ ತಕ್ಕಂತೆ ಅವನು ಕೊಂಚ ಹಿಗ್ಗುತ್ತಾನೆ ಇಲ್ಲವೇ ಕುಗ್ಗುತ್ತಾನೆ. ಡಯಲ್ ತಿರುಗಿಸಿ ಇದನ್ನು ಸರಿಪಡಿಸಲಾಗದು.

ಎರಡನೆಯ ಲಾಭ ಫ್ಲ್ಯಾಶ್ ಸಿಂಕ್. ಫ್ಲ್ಯಾಶ್ ಮಿಂಚುವ ಕ್ಷಣದಲ್ಲಿ ಇಡೀ ಫ್ರೇಮ್ ತೆರೆದಿರಬೇಕು. ನಿಧಾನದ ಪರದೆಗೆ ಇದು 1/60 ಮತ್ತು ಅದಕ್ಕಿಂತ ನಿಧಾನದ ವೇಗಗಳಲ್ಲಿ ಮಾತ್ರ ಸಾಧ್ಯ (ಕೆ1000, ಎಇ-1), ಲೈಕಾ ಎಂ6ನಲ್ಲಿ 1/50. ನಿಕಾನ್ ಎಫ್3ಯಲ್ಲಿ 1/80. ಎಫ್‌ಎಂ2ನ ಮೊದಲ ಆವೃತ್ತಿಯಲ್ಲಿ 1/200, ನಂತರದ ಎಫ್‌ಎಂ2ಎನ್‌ನಲ್ಲಿ 1/250, ಎಫ್‌ಇ2ನಲ್ಲೂ 1/250. ಹಗಲಿನಲ್ಲಿ ಮುಖದ ನೆರಳು ತುಂಬಲು ಫ್ಲ್ಯಾಶ್ ಹಾಕುವವರಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ಐಎಸ್‌ಒ 100ರಲ್ಲಿ ಗೈಡ್ ನಂಬರ್ (ಫ್ಲ್ಯಾಶಿನ ಶಕ್ತಿಯ ಅಂಕಿ, ಎಫ್ ಅಂಕಿಯಿಂದ ಭಾಗಿಸಿದರೆ ಅದು ತಲುಪುವ ದೂರ ಮೀಟರಿನಲ್ಲಿ ಸಿಗುತ್ತದೆ) 28 ಇರುವ ಸಾಧಾರಣ ಫ್ಲ್ಯಾಶ್ ತೆಗೆದುಕೊಳ್ಳಿ. 1/60ರಲ್ಲಿ ಬಿಸಿಲಿಗೆ ಎಫ್/22 ಬೇಕು, ಆಗ ಫ್ಲ್ಯಾಶ್ ಪೂರ್ಣವಾಗಿ ತಲುಪುವುದು 1.3 ಮೀಟರ್ ಅಷ್ಟೇ. ಹಲವು 50 ಮಿ.ಮೀ. ಲೆನ್ಸುಗಳಲ್ಲಿ ಎಫ್/22 ಇರುವುದೂ ಇಲ್ಲ. 1/250ರಲ್ಲಿ ಎಫ್/11 ಸಾಕು, ಫ್ಲ್ಯಾಶ್ 2.5 ಮೀಟರ್ ತಲುಪುತ್ತದೆ. ನೆರಳು ತುಂಬಲು ಒಂದು ಸ್ಟಾಪ್ ಕಡಿಮೆ ಬೆಳಕೇ ಚೆಂದ, ಆಗ ಮೂರೂವರೆ ಮೀಟರ್ ಸಿಗುತ್ತದೆ. ಮದುವೆ ಮನೆಯ ಅಂಗಳದಲ್ಲಿ ಇಬ್ಬರನ್ನು ಪಾದದವರೆಗೆ ತೆಗೆಯಲು ಬೇಕಾದ ದೂರ ಇದು.

ಯಾವ ಕ್ಯಾಮೆರಾ, ಯಾರಿಗೆ

1/1000ದ ಬಟ್ಟೆ ಪರದೆಯ ಕ್ಯಾಮೆರಾಗಳು ಕಲಿಯುವವರಿಗೆ, ಬೀದಿ, ಪ್ರವಾಸ, ಮನೆಮಂದಿಯ ಚಿತ್ರಗಳಿಗೆ ಸಾಕು. ಕೆ1000 ಮತ್ತು ಓಎಂ-1 ಪೂರ್ತಿ ಯಾಂತ್ರಿಕ, ಬ್ಯಾಟರಿ ಮೀಟರಿಗೆ ಮಾತ್ರ. ಎಇ-1ರಲ್ಲಿ 6 ವೋಲ್ಟಿನ ಬ್ಯಾಟರಿ ಸತ್ತರೆ ಶಟರೂ ಸತ್ತಂತೆ, ಆದ್ದರಿಂದ ಒಂದನ್ನು ಹೆಚ್ಚುವರಿಯಾಗಿ ಇಟ್ಟುಕೊಳ್ಳಿ. ಇವನ್ನು ಕೊಳ್ಳುವಾಗ ಉಳಿಯುವ ಹಣವನ್ನು ಸರ್ವಿಸಿಗೆ ಇಡಬೇಕು. ಎಣ್ಣೆ ಗಟ್ಟಿಯಾದ ಬಟ್ಟೆ ಪರದೆಯಲ್ಲಿ 1/1000 ಎಂದು ಬರೆದದ್ದು 1/600 ಅಥವಾ 1/700 ಇರುವುದು ಸಾಮಾನ್ಯ. ಅರ್ಧ ಸ್ಟಾಪ್ ನಿಧಾನವಾದರೆ ನೆಗೆಟಿವ್ ಫಿಲ್ಮಿಗೆ ತೊಂದರೆಯಿಲ್ಲ. ಫ್ರೇಮಿನ ಒಂದು ಪಕ್ಕ ಇನ್ನೊಂದಕ್ಕಿಂತ ಕಪ್ಪಾದರೆ ಮಾತ್ರ ಸರ್ವಿಸ್ ಮಾಡಿಸದೆ ಗತ್ಯಂತರವಿಲ್ಲ.

1/2000ದವರೆಗೆ ಹೋಗುವ ಪೆಂಟ್ಯಾಕ್ಸ್ ಎಂಇ ಸೂಪರ್, ನಿಕಾನ್ ಎಫ್3, ಒಲಿಂಪಸ್ ಓಎಂ-4, ಫಾಯ್ಟ್‌ಲೆಂಡರ್ ಬೆಸ್ಸಾ ಆರ್ ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಸ್ಟಾಪಿಗಾಗಿ ಇವನ್ನು ಆರಿಸಬೇಡಿ. ವ್ಯೂಫೈಂಡರ್, ಲೆನ್ಸುಗಳು, ತೂಕ ಇಷ್ಟವಾದರೆ ತೆಗೆದುಕೊಳ್ಳಿ.

1/4000ದ ಗುಂಪಿನಲ್ಲಿ ಎಫ್‌ಎಂ2ಎನ್, ಎಫ್‌ಇ2 (1983), ಎಫ್‌ಎಂ3ಎ (2001) ಮುಖ್ಯ. ಎಫ್‌ಎಂ2ಎನ್ ಬ್ಯಾಟರಿ ಇಲ್ಲದೆಯೂ ಎಲ್ಲ ವೇಗಗಳಲ್ಲೂ ಓಡುತ್ತದೆ. ಎಫ್‌ಇ2ನಲ್ಲಿ ಅಪರ್ಚರ್ ಪ್ರಯಾರಿಟಿ ಇದೆ (ಅಪರ್ಚರ್ ನೀವು ಇಟ್ಟರೆ ವೇಗವನ್ನು ಕ್ಯಾಮೆರಾ ಆರಿಸುತ್ತದೆ), ಬ್ಯಾಟರಿ ಹೋದರೆ 1/250 ಮತ್ತು ಬಲ್ಬ್ (ಗುಂಡಿ ಒತ್ತಿರುವಷ್ಟು ಹೊತ್ತು ತೆರೆದಿರುವುದು) ಮಾತ್ರ ಉಳಿಯುತ್ತವೆ. ಬೆಲೆ ಸಾಮಾನ್ಯವಾಗಿ ಎಫ್‌ಎಂ2ಎನ್‌ಗಿಂತ ಕಡಿಮೆ. ಬಿಸಿಲಿನಲ್ಲಿ ಬೇಗ ಬೇಗ ತೆಗೆಯುವವರಿಗೆ ಎಫ್‌ಇ2 ಹೆಚ್ಚು ಅನುಕೂಲವೆಂದೇ ನಮ್ಮ ಅಭಿಪ್ರಾಯ. ಎಫ್‌ಎಂ3ಎ ಎರಡೂ ಗುಣ ಸೇರಿಸಿಕೊಂಡಿದೆ, ಬೆಲೆಯಲ್ಲೂ ಹಾಗೆಯೇ. ಎಫ್‌ಎಂ2ಎನ್ ಗುರುತಿಸಲು ಹಿಂಭಾಗದ ಸೀರಿಯಲ್ ಸಂಖ್ಯೆಯ ಮುಂದೆ ‘ಎನ್’ ಅಕ್ಷರ ಇದೆಯೇ ನೋಡಿ. 1989ರ ನಂತರ ಬಂದವುಗಳಲ್ಲಿ ಜೇನುಗೂಡಿನ ಗುರುತಿಲ್ಲದ ನುಣುಪು ಅಲ್ಯೂಮಿನಿಯಂ ಪಟ್ಟಿಗಳಿವೆ. ಬಳಕೆಯಲ್ಲಿ ಅವು ಕಡಿಮೆಯೇನಲ್ಲ, ಟೈಟೇನಿಯಂ ಎಂಬ ಹೆಸರಿಗಾಗಿ ಹೆಚ್ಚು ಹಣ ಕೊಡಬೇಕಿಲ್ಲ. ಈ ಪಟ್ಟಿಗಳು ಕಾಗದದಷ್ಟು ತೆಳು. ಫಿಲ್ಮ್ ಹಾಕುವಾಗ ಹೆಬ್ಬೆರಳು ತಾಗಿ ಬಾಗಿದರೆ ಶಟರ್ ಪೆಟ್ಟಿಗೆಯನ್ನೇ ಬದಲಿಸಬೇಕಾಗಬಹುದು.

ರೇಂಜ್‌ಫೈಂಡರ್ ಬಯಸುವವರಿಗೆ ಲೈಕಾ ಮೌಂಟಿನ ಕೊನಿಕಾ ಹೆಕ್ಸಾರ್ ಆರ್‌ಎಫ್ (1999) 1/4000 ಕೊಡುತ್ತದೆ. ಆದರೆ ಲೈಕಾ ಇರುವವರು ಅದನ್ನು ಬಿಟ್ಟು ಇದಕ್ಕೆ ಬರಬೇಕಾದ ಅಗತ್ಯ ಕಡಿಮೆ. ರೇಂಜ್‌ಫೈಂಡರಿನಲ್ಲಿ ಲೆನ್ಸಿನ ಮೂಲಕ ನೋಡುವುದಿಲ್ಲವಾದ್ದರಿಂದ ಎಷ್ಟೇ ಗಾಢ ಎನ್‌ಡಿ ಫಿಲ್ಟರ್ ಹಾಕಿದರೂ ವ್ಯೂಫೈಂಡರ್ ಮಂಕಾಗುವುದಿಲ್ಲ. ಒಂದು ಎಚ್ಚರಿಕೆ: ಬಟ್ಟೆ ಪರದೆಯ ರೇಂಜ್‌ಫೈಂಡರನ್ನು ಲೆನ್ಸ್ ಮುಚ್ಚಳವಿಲ್ಲದೆ ಬಿಸಿಲಿಗೆ ಮುಖ ಮಾಡಿ ಇಡಬೇಡಿ, ಸೂರ್ಯನ ಬಿಂಬ ಪರದೆಯಲ್ಲಿ ತೂತು ಸುಡುತ್ತದೆ.

1/8000ದ ಆಟೋಫೋಕಸ್ ಬಾಡಿಗಳು: ನಿಕಾನ್ ಎಫ್801 (1988), ಎಫ್90ಎಕ್ಸ್, ಎಫ್100 (1999), ಕ್ಯಾನನ್ ಇಒಎಸ್ 5 (1992), ಇಒಎಸ್ 3 (1998). ಆಟ, ಪಕ್ಷಿ, ಓಟ ತೆಗೆಯುವವರು ಇಲ್ಲಿಗೇ ಬರಬೇಕು, ಅದೂ ಶಟರಿಗಿಂತ ಹೆಚ್ಚಾಗಿ ಫೋಕಸಿಗಾಗಿ. ಅಡ್ಡ ಓಡುವ ವಸ್ತುವಿಗೆ 1/4000 ಇದ್ದೂ ಫೋಕಸ್ ತಪ್ಪಿದರೆ ಪ್ರಯೋಜನವಿಲ್ಲ. ಈ ಮೂರು ನಿಕಾನ್‌ಗಳಿಗೂ ನಾಲ್ಕು ಎಎ ಸೆಲ್ ಸಾಕು, ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ. ಹಳೆಯ ಮ್ಯಾನುಯಲ್ ಎಐ ಲೆನ್ಸುಗಳೂ ಇವುಗಳಲ್ಲಿ ಮೀಟರಿಂಗ್ ಸಹಿತ ಕೆಲಸ ಮಾಡುತ್ತವೆ. ಕ್ಯಾನನ್ ಇಒಎಸ್ 5, 3ಕ್ಕೆ 2ಸಿಆರ್5 ಲಿಥಿಯಂ ಬ್ಯಾಟರಿ ಬೇಕು, ಹಳೆಯ ಎಫ್‌ಡಿ ಲೆನ್ಸ್ ಕೂರುವುದಿಲ್ಲ. ತೊಂದರೆಗಳೂ ಗೊತ್ತಿರಲಿ: ಎಫ್90ಎಕ್ಸ್‌ನ ಹಿಂಬಾಗಿಲಿನ ರಬ್ಬರ್ ಲೇಪ ಅಂಟಂಟಾಗುತ್ತದೆ (ಸ್ಪಿರಿಟ್‌ನಲ್ಲಿ ಒರೆಸಿ ತೆಗೆಯಬಹುದು), ಎಫ್801ರ ಡಿಸ್ಪ್ಲೇ ಕಪ್ಪಾಗುತ್ತ ಹೋಗುತ್ತದೆ. 1980ರ ದಶಕದ ಕೊನೆಯ ಹಲವು ಇಒಎಸ್‌ಗಳಲ್ಲಿ ಶಟರಿನ ಒಳಗಿನ ಮೆತ್ತೆ ಕರಗಿ ಪಟ್ಟಿಗಳಿಗೆ ಅಂಟಿಕೊಳ್ಳುತ್ತದೆ, ಪಟ್ಟಿಗಳ ಮೇಲೆ ಕಪ್ಪು ಎಣ್ಣೆಯಂಥ ಕಲೆ ಕಂಡರೆ ಕೊಳ್ಳಬೇಡಿ. ಸರ್ಕ್ಯೂಟ್ ಕೆಟ್ಟರೆ ಬಿಡಿಭಾಗ ಸಿಗುವುದು ಕಷ್ಟ. ಇವುಗಳನ್ನು ಕೆಟ್ಟಾಗ ರಿಪೇರಿ ಮಾಡಿಸುವ ಲೆಕ್ಕದಲ್ಲಿ ಕೊಳ್ಳಬಾರದು, ಇನ್ನೊಂದು ಬಾಡಿ ಕೊಳ್ಳುವ ಲೆಕ್ಕದಲ್ಲಿ ಕೊಳ್ಳಬೇಕು.

ಇನ್ನು ಲೀಫ್ ಶಟರ್. ಹ್ಯಾಸೆಲ್‌ಬ್ಲಾಡ್ 500 ಸರಣಿ, ರೋಲೈಫ್ಲೆಕ್ಸ್, ಮಮಿಯಾ 7 ಇವುಗಳ ಗರಿಷ್ಠ ವೇಗ 1/500, ಮಮಿಯಾ ಆರ್‌ಬಿ67ರದ್ದು 1/400. ಕಡಿಮೆ ಎನಿಸಬಹುದು. ಆದರೆ ಲೆನ್ಸಿನೊಳಗೇ ಇರುವ ಈ ಶಟರ್ ಎಲ್ಲ ವೇಗಗಳಲ್ಲೂ ಫ್ಲ್ಯಾಶಿಗೆ ಹೊಂದುತ್ತದೆ. ಮೇಲಿನ ಅದೇ ಫ್ಲ್ಯಾಶ್ 1/500, ಎಫ್/8ರಲ್ಲಿ ಮೂರೂವರೆ ಮೀಟರ್ ಪೂರ್ಣ ಬೆಳಕು ಕೊಡುತ್ತದೆ. ಹೊರಾಂಗಣದ ಫ್ಲ್ಯಾಶ್ ಭಾವಚಿತ್ರಕ್ಕೆ 1/8000ದ ಯಾವ ಹಳೆಯ ಬಾಡಿಗಿಂತಲೂ ಇದು ಮೇಲು. ಗಮನದಲ್ಲಿರಬೇಕಾದ ಒಂದು ವಿಷಯ: ಲೀಫ್ ಶಟರಿನ ಎಸಳುಗಳು ನಡುವಿನಿಂದ ತೆರೆದು ನಡುವಿಗೇ ಮುಚ್ಚುತ್ತವೆ. ಆದ್ದರಿಂದ ಗರಿಷ್ಠ ವೇಗದಲ್ಲಿ ಎಫ್/16ರಂಥ ಚಿಕ್ಕ ರಂಧ್ರ, ಪೂರ್ತಿ ತೆರೆದ ಲೆನ್ಸಿಗಿಂತ ಹೆಚ್ಚು ಹೊತ್ತು ಬೆಳಕು ಪಡೆಯುತ್ತದೆ. ಸ್ಲೈಡ್ ಫಿಲ್ಮಿನಲ್ಲಿ 1/500 ಮತ್ತು ಎಫ್/16 ಒಟ್ಟಿಗೆ ಬಂದರೆ ಅರ್ಧ ಸ್ಟಾಪ್ ಕಡಿಮೆ ಮಾಡಿಕೊಳ್ಳಿ.

ಕ್ಯಾಮೆರಾ ಬದಲಿಸದೆ

ಈಗಾಗಲೇ 1/1000ದ ಕ್ಯಾಮೆರಾ ಇದ್ದವರು ಮೊದಲು ಕೊಳ್ಳಬೇಕಾದದ್ದು ಒಂದು ಎನ್‌ಡಿ4. ನಿಕಾನ್ 50 ಮಿ.ಮೀ. ಲೆನ್ಸುಗಳಿಗೆ 52 ಮಿ.ಮೀ., ಪೆಂಟ್ಯಾಕ್ಸಿನವಕ್ಕೆ 49 ಮಿ.ಮೀ. ಅಳತೆ. ಹಲವು ಲೆನ್ಸುಗಳಿದ್ದರೆ ದೊಡ್ಡ ಅಳತೆಯದೊಂದನ್ನು ಕೊಂಡು ಸ್ಟೆಪ್-ಅಪ್ ರಿಂಗ್ ಬಳಸಿ. ಎಫ್/2 ಲೆನ್ಸಿಗೆ ಎನ್‌ಡಿ4 ಹಾಕಿದರೆ ಎಸ್‌ಎಲ್‌ಆರ್ ವ್ಯೂಫೈಂಡರ್ ಎಫ್/4 ಲೆನ್ಸಿನಷ್ಟು ಮಂಕಾಗುತ್ತದೆ, ಬಿಸಿಲಿನಲ್ಲಿ ಅದು ತೊಂದರೆಯೇ ಅಲ್ಲ. ನಡುವೆ ಫೋಕಸ್ ಹೊಂದಿಸಲು ಇರುವ ಸ್ಪ್ಲಿಟ್ ಪ್ರಿಸಂ ಅರ್ಧ ಕಪ್ಪಾಗುತ್ತದೆ ಎಂಬ ಭಯವೂ ಬೇಡ: ಅದು ಕಪ್ಪಾಗುವುದು ಲೆನ್ಸಿನ ರಂಧ್ರ ಕಿರಿದಾದಾಗ, ಫಿಲ್ಟರ್ ರಂಧ್ರವನ್ನು ಕಿರಿದು ಮಾಡುವುದಿಲ್ಲ. 100ರ ಫಿಲ್ಮಿನಲ್ಲಿ ಎನ್‌ಡಿ4 ಹಾಕಿದರೆ 1/1000ಕ್ಕೆ ಎಫ್/2.8 ಸಿಗುತ್ತದೆ, ಎನ್‌ಡಿ8 ಹಾಕಿದರೆ ಎಫ್/2. 1/8000ದ ಕ್ಯಾಮೆರಾ ಫಿಲ್ಟರಿಲ್ಲದೆ ಕೊಡುವುದೂ ಇದನ್ನೇ.

ಕಪ್ಪು-ಬಿಳುಪು ತೆಗೆಯುವವರ ಬಳಿ ಎನ್‌ಡಿ ಆಗಲೇ ಇರುತ್ತದೆ. ಕಿತ್ತಳೆ ಫಿಲ್ಟರ್ ಎರಡು ಸ್ಟಾಪ್, ಕೆಂಪು 25 ಮೂರು ಸ್ಟಾಪ್ ತಿನ್ನುತ್ತದೆ, ಆಕಾಶವೂ ಕಪ್ಪಾಗುತ್ತದೆ. ಪೋಲರೈಸರ್ ಒಂದೂವರೆಯಿಂದ ಎರಡು ಸ್ಟಾಪ್. ಫಿಲ್ಮನ್ನೇ ನಿಧಾನದ್ದು ಆರಿಸುವುದಾದರೆ ಇಲ್ಫರ್ಡ್ ಪ್ಯಾನ್ ಎಫ್ ಪ್ಲಸ್ 50ರಲ್ಲಿ ಬಿಸಿಲಿಗೆ 1/1000ಕ್ಕೆ ಎಫ್/4 ಸಿಗುತ್ತದೆ. ಆದರೆ ಅದೇ ರೋಲನ್ನು ಸಂಜೆ ಮನೆಯೊಳಗೆ ಮುಗಿಸಲಾಗದು. ಫಿಲ್ಟರಿನ ದೊಡ್ಡ ಅನುಕೂಲ ಇದೇ, ಬೇಡವಾದಾಗ ತೆಗೆದಿಡಬಹುದು.

ನೀರಿನ ಹನಿ, ಒಡೆಯುವ ಬಲೂನು, ಹೂವಿನ ಮುಂದೆ ರೆಕ್ಕೆ ಬಡಿಯುವ ಹುಳು ಬೇಕಾದವರು ಶಟರನ್ನೇ ಮರೆಯಬಹುದು. ಕತ್ತಲಿನಲ್ಲಿ ಅಥವಾ ಮಂದ ಬೆಳಕಿನಲ್ಲಿ ಸಣ್ಣ ಫ್ಲ್ಯಾಶನ್ನು ಹದಿನಾರನೆಯ ಒಂದು ಶಕ್ತಿಯಲ್ಲಿ ಹೊಡೆದರೆ ಮಿಂಚು ಉಳಿಯುವುದು ಸುಮಾರು 1/10000 ಸೆಕೆಂಡ್. 1930ರ ದಶಕದಲ್ಲಿ ಎಂಐಟಿಯ ಹೆರಾಲ್ಡ್ ಎಡ್ಜರ್ಟನ್ ಹಾಲಿನ ಹನಿ ಹಿಡಿದದ್ದು ಇದೇ ತತ್ವದಿಂದ. ಶಟರ್ 1/60ರಲ್ಲಿದ್ದರೂ ಚಲನೆಯನ್ನು ನಿಲ್ಲಿಸುವುದು ಮಿಂಚು.

ಹಣ ಕೊಡುವ ಮುನ್ನ

ಹಳೆಯ ಕ್ಯಾಮೆರಾ ಕೈಗೆ ಬಂದಾಗ ಮೊದಲು ಎಲ್ಲ ವೇಗಗಳಲ್ಲೂ ಹತ್ತಿಪ್ಪತ್ತು ಸಲ ಶಟರ್ ಹೊಡೆಯಿರಿ. ತಿಂಗಳುಗಟ್ಟಲೆ ಬಳಸದ ಯಂತ್ರದ ಮೊದಲ ಹೊಡೆತಗಳು ನಿಧಾನವಾಗಿರುತ್ತವೆ, ಅದನ್ನು ನೋಡಿ ತೀರ್ಮಾನಿಸಬಾರದು. ನಂತರ ಲೆನ್ಸ್ ತೆಗೆದು, ಹಿಂಬಾಗಿಲು ತೆರೆದು, ಬೆಳಗುವ ಆಕಾಶದತ್ತ ಹಿಡಿದು ಅತಿ ಹೆಚ್ಚಿನ ವೇಗದಲ್ಲಿ ಹೊಡೆಯುತ್ತ ಹಿಂದಿನಿಂದ ನೋಡಿ. ಸೂರ್ಯನತ್ತ ಬೇಡ. ಇಡೀ ಆಯತ ಒಂದೇ ಸಮ ಬೆಳಗಬೇಕು. ಒಂದು ಅಂಚು ಕಪ್ಪಾಗಿಯೇ ಉಳಿದರೆ ಎರಡನೆಯ ಪರದೆ ಮೊದಲನೆಯದನ್ನು ಹಿಂದಿಕ್ಕಿ ಸೀಳು ಮುಚ್ಚಿಹೋಗುತ್ತಿದೆ ಎಂದರ್ಥ. ಮೊಬೈಲಿನ 240 ಫ್ರೇಮ್ ಸ್ಲೋ ಮೋಷನ್‌ನಲ್ಲಿ ಬಟ್ಟೆ ಪರದೆಯ ಸೀಳು ಸಾಗುವುದನ್ನು ಎರಡು ಮೂರು ಫ್ರೇಮುಗಳಲ್ಲಿ ಕಾಣಬಹುದು, ಆದರೆ ಅದರಿಂದ ವೇಗ ಅಳೆಯಲು ಹೋಗಬೇಡಿ.

ಕೊನೆಯ ಪರೀಕ್ಷೆ ಅಗ್ಗದ ಕಪ್ಪು-ಬಿಳುಪು ರೋಲಿನಲ್ಲಿ. ಒಂದೇ ಬಣ್ಣದ ಗೋಡೆಯನ್ನು ಸಮಬೆಳಕಿನಲ್ಲಿ 1/1000 ಎಫ್/4, 1/500 ಎಫ್/5.6, 1/250 ಎಫ್/8, 1/125 ಎಫ್/11ರಲ್ಲಿ ತೆಗೆಯಿರಿ. 1/4000ದ ಕ್ಯಾಮೆರಾ ಆದರೆ ಎಫ್/2ರಿಂದ ಶುರು ಮಾಡಿ. ನಾಲ್ಕೂ ನೆಗೆಟಿವ್ ಒಂದೇ ದಪ್ಪ ಇರಬೇಕು. ಮೊದಲನೆಯದು ಮಾತ್ರ ದಪ್ಪವಾದರೆ ತುದಿಯ ವೇಗ ನಿಧಾನವಾಗಿದೆ. ನಾಲ್ಕೂ ಮೂಲೆಗಳು ತೆಳುವಾಗಿದ್ದರೆ ಅದು ಲೆನ್ಸಿನ ಗುಣ, ಶಟರಿನ ದೋಷವಲ್ಲ. ಬಟ್ಟೆ ಪರದೆಯಲ್ಲಿ ಎಡ ಅಥವಾ ಬಲ ಪಕ್ಕ ಮಾತ್ರ, ಲೋಹದ ಲಂಬ ಪರದೆಯಲ್ಲಿ ಮೇಲ್ಭಾಗ ಅಥವಾ ಕೆಳಭಾಗ ಮಾತ್ರ ತೆಳುವಾದರೆ ಪರದೆಗಳ ಓಟ ಹೊಂದುತ್ತಿಲ್ಲ. ಅದನ್ನು ಸ್ಪ್ರಿಂಗಿನ ಸ್ಕ್ರೂ ತಿರುಗಿಸಿ ನೀವೇ ಬಿಗಿಮಾಡಬೇಡಿ. ಗಟ್ಟಿಯಾದ ಎಣ್ಣೆ ಒಳಗೇ ಉಳಿದು ಸ್ಪ್ರಿಂಗಿನ ಬಿಗಿ ಮಾತ್ರ ಹೆಚ್ಚಿದರೆ ಗಿಯರುಗಳು ಸವೆಯುತ್ತವೆ. ಬಿಚ್ಚಿ ತೊಳೆದು ಎಣ್ಣೆ ಹಾಕಿದ ಮೇಲೆಯೇ ಬಿಗಿ ಹೊಂದಿಸಬೇಕು. ಸರ್ವಿಸ್ ಮಾಡುವವರು ಟೆಸ್ಟರಿನಲ್ಲಿ ಅಳೆದ ನಿಜವಾದ ವೇಗಗಳನ್ನು ಬರೆದುಕೊಡುವಂತೆ ಕೇಳಿ, ಆ ಚೀಟಿಯನ್ನು ಕ್ಯಾಮೆರಾದ ತಳಕ್ಕೆ ಅಂಟಿಸಿಕೊಳ್ಳಿ. 1/1000ದ ಎದುರು 1/720 ಎಂದು ಬರೆದಿದ್ದರೆ ಸ್ಲೈಡ್ ಹಾಕಿದ ದಿನ ಆ ವೇಗದಲ್ಲಿ ಅರ್ಧ ಸ್ಟಾಪ್ ಮುಚ್ಚಿ, ನೆಗೆಟಿವ್ ಹಾಕಿದ ದಿನ ಹಾಗೆಯೇ ತೆಗೆಯಿರಿ.